ಎರಡು ನದಿಗಳ ನಡುವೆ ಒಂದು ಒಣನೆಲ

ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರನ್ನು ಘಟ್ಟದ ಜನರಾದ ನಾವು ಬಲ್ಲೆವು. ಕೂಡಲಿಯಲ್ಲಿ ಒಂದಾದ ಬಳಿಕ ಆ ನೀರು ಯಾರ ಹೊಲಕ್ಕೆ ಒದಗುತ್ತದೆ, ಯಾರ ಹೊಲವನ್ನು ತಪ್ಪಿಸಿ ಹೋಗುತ್ತದೆ ಎಂದು ವಿಚಾರಿಸುವುದು ಕಡಿಮೆ. ಅದನ್ನು ಅರಿಯಲು ದೂರದ ಉತ್ತರಕ್ಕೆ, ರಾಯಚೂರು ಜಿಲ್ಲೆ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನತ್ತ ನೋಡಬೇಕು.

ಇದು ಶಾಸನಗಳು ಎಡೆದೊರೆ ಎಂದು ಕರೆದ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಯೂ ಸಹ್ಯಾದ್ರಿಯ ಮಗಳೇ. ಘಟ್ಟದ ನೆತ್ತಿಯಲ್ಲಿ ಸಾವಿರಾರು ಮಿಲಿಮೀಟರ್ ಸುರಿಯುವ ಮಳೆ ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರಿಗೆ ಇಳಿಯುತ್ತದೆ. ಹೀಗಾಗಿ ಇಲ್ಲಿನ ಬೇಸಾಯಕ್ಕೆ ಕಾಲುವೆಯೇ ಆಸರೆ.

ಆದರೆ ನದಿ ಹತ್ತಿರವಿದ್ದ ಮಾತ್ರಕ್ಕೆ ನೀರು ದೊರೆಯದು. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತದ ಗದ್ದೆಗಳು ಹಸಿರಾದರೂ ಪಾಮನಕಲ್ಲೂರು ಸುತ್ತಲಿನ ಹಳ್ಳಿಗಳು ಮಳೆಯನ್ನೇ ನಂಬಿದ್ದವು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಅಲ್ಲಿನ ರೈತರು 2020ರ ನವೆಂಬರಿನಲ್ಲಿ ಧರಣಿ ಕುಳಿತರು; ಅದು ನೂರು ದಿನಗಳನ್ನು ದಾಟಿತು. ಸರ್ಕಾರ ನಂದವಾಡಗಿ ಏತ ನೀರಾವರಿಯನ್ನು ಮುಂದಿಟ್ಟಿತು. ರೈತರು ಇಳಿಜಾರಿನಲ್ಲಿ ತಾನಾಗಿ ಹರಿದುಬರುವ ನೀರನ್ನು ಕೇಳಿದರು. 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯಲ್ಲಿ ಇದೇ ದೊಡ್ಡ ಪ್ರಶ್ನೆಯಾಯಿತು.

ಈ ಬೇಡಿಕೆ ನ್ಯಾಯವಾದುದು. ಆದರೆ ಹೊಸ ಕಾಲುವೆಯೊಂದರಿಂದಲೇ ನ್ಯಾಯ ಪೂರ್ಣವಾಗದು. ತುಂಗಭದ್ರಾ ಎಡದಂಡೆಯನ್ನು ರೂಪಿಸಿದ್ದು ಮುಖ್ಯವಾಗಿ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕೊನೆಯ ಭಾಗದ ರೈತರು ನೀರಿಗಾಗಿ ಪದೇ ಪದೇ ಬೀದಿಗಿಳಿದರು. ಬೆಳೆಯ ಶಿಸ್ತಿಲ್ಲದಿದ್ದರೆ 5ಎ ಕಾಲುವೆಯ ತುದಿಯಲ್ಲೂ ಮುಂದೆ ಅದೇ ಗೋಳು ಕೇಳಿಬರುವುದು.

ನಮ್ಮ ಪಾಲಿನ ಹೊಣೆಯೂ ಇದೆ. 1953ರಲ್ಲಿ ನೀರು ತುಂಬಿಕೊಂಡ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಅದು 106 ಟಿಎಂಸಿಯ ಆಸುಪಾಸಿಗೆ ಕುಗ್ಗಿದೆ. ಜಲಾನಯನದ ಮೇಲ್ಭಾಗದಲ್ಲಿ ಬೋಳಾದ ಗುಡ್ಡ, ಅಗೆದ ಗಣಿಗಳ ಮಣ್ಣು ಕೆಳಗಿನವರ ನೀರಿನ ಜಾಗವನ್ನು ಕಬಳಿಸುತ್ತದೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಭದ್ರೆಯ ತವರಿನ ಆ ಗೆಲುವು ಬಯಲಿನ ರೈತರದ್ದೂ ಹೌದು.

ಆದ್ದರಿಂದ ಕಾಡು ಉಳಿಸಿರೆಂಬ ನಮ್ಮ ಮನವಿಯೂ ಕಾಲುವೆ ಕೊಡಿರೆಂಬ ಅವರ ಮನವಿಯೂ ಇನ್ನು ಒಂದೇ ಹಾಳೆಯಲ್ಲಿ ಸರ್ಕಾರವನ್ನು ತಲುಪಲಿ. ವಿದ್ಯಾರ್ಥಿಗಳು ನದಿಯ ನಕ್ಷೆ ಬರೆಯುವಾಗ ಮೂಲವನ್ನಷ್ಟೇ ಗುರುತಿಸದೆ, ನೀರು ಮುಟ್ಟದ ಊರುಗಳನ್ನೂ ಗುರುತಿಸಲಿ.