ಕಿವಿಯಿಲ್ಲದ ಪೇಟೆಯಲ್ಲಿ ಧ್ವನಿಯ ವ್ಯಾಪಾರ

ಅಂತರ್ಜಾಲದ ಪೇಟೆಯಲ್ಲಿ ಮಾರಲಾಗದ ವಸ್ತುವೇ ಇಲ್ಲವೆಂದು ನಮ್ಮ ತರುಣರಲ್ಲಿ ಅನೇಕರು ನಂಬಿದ್ದಾರೆ. ಪದವಿಯ ನಂತರ ನೌಕರಿ ಸಿಗದಿದ್ದರೆ ಮೊಬೈಲಿನಲ್ಲಿಯೇ ಅಂಗಡಿ ತೆರೆಯುವೆವೆಂಬ ಮಾತನ್ನು ದಿನವೂ ಕೇಳುತ್ತೇವೆ. ಸೀರೆ, ಗಡಿಯಾರ, ಪುಸ್ತಕಗಳ ಮಟ್ಟಿಗೆ ಇದು ನಿಜವಿರಬಹುದು. ಬೆಲೆಬಾಳುವ ಧ್ವನಿವರ್ಧಕ ಸಾಮಗ್ರಿಗಳ ಮಟ್ಟಿಗೆ ನಿಜವಲ್ಲವೆಂಬುದು ನನ್ನ ಅಭಿಪ್ರಾಯ. ಭಾತಂಬ್ರಾದಲ್ಲಿ ನಮ್ಮ ಕಾಕಾ ಅವರದು ಮೈಕ್ ಸೆಟ್ಟಿನ ಅಂಗಡಿ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ಮಾಲಿನ ಚಿತ್ರ ತೆಗೆದು ಹಾಕುವ ಹಾಗೂ ಗಿರಾಕಿಗಳಿಗೆ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮೂಲ ತೊಡಕು ಧ್ವನಿಯದೇ. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ನಾದವನ್ನು ಗ್ರಹಿಸಬಲ್ಲದು. ಡೊಳ್ಳಿನ ಗಂಭೀರ ನಾದವಿರುವುದು ಇದರ ಕೆಳತುದಿಯಲ್ಲಿ. ಮೊಬೈಲಿನ ಬೆರಳಗಲದ ಸ್ಪೀಕರು ಅದನ್ನು ಹೊರಡಿಸಲಾರದು. 18 ಇಂಚಿನ ಬಾಸ್ ಬಾಕ್ಸನ್ನು ನುಡಿಸಿ ವಿಡಿಯೋ ಹಾಕಿದರೆ, ಕೊಳ್ಳುವವನಿಗೆ ಕೇಳುವುದು ತಗಡಿನ ಡಬ್ಬಿ ಬಡಿದ ಸದ್ದು! ಕನ್ನಡದಲ್ಲಿ ‘ಕೇಳು’ ಎಂಬ ಶಬ್ದಕ್ಕೆ ಎರಡರ್ಥ. ಈ ಪೇಟೆಯಲ್ಲಿ ಬೆಲೆ ಕೇಳುವವರು ನೂರು ಮಂದಿ; ಧ್ವನಿ ಕೇಳುವವನು ಒಬ್ಬನೂ ಇಲ್ಲ.

ಧ್ವನಿ ಕೇಳದವನು ಅಂಕಿಯನ್ನು ನಂಬುತ್ತಾನೆ. ಅಗ್ಗದ ಪೆಟ್ಟಿಗೆಯ ಮೇಲೆ ಕ್ಷಣಮಾತ್ರ ತಾಳುವ ಗರಿಷ್ಠ ಶಕ್ತಿಯನ್ನು ದೊಡ್ಡಕ್ಷರದಲ್ಲಿ ‘5000 ವ್ಯಾಟ್’ ಎಂದು ಮುದ್ರಿಸಿರುತ್ತಾರೆ. ಎಡೆಬಿಡದೆ ನುಡಿಯಬಲ್ಲ ನಿಜವಾದ ವ್ಯಾಟನ್ನು ಬರೆದವನ ಮಾಲು ಅದರ ಪಕ್ಕದಲ್ಲಿ ಬಡವಾಗಿ ಕಾಣುತ್ತದೆ. ಅರವತ್ತು ಸಾವಿರದ ಮಿಕ್ಸರಿಗೆ ‘ಇಪ್ಪತ್ತಕ್ಕೆ ಕೊಡ್ತೀರೇನ್ರಿ?’ ಎಂದು ಕೇಳುವವನನ್ನು ನಾನು ದೂಷಿಸಲಾರೆ. ನೋಡದ, ಕೇಳದ ವಸ್ತುವಿಗೆ ಅವನು ಕಟ್ಟುವ ಬೆಲೆಯಲ್ಲಿ ಭಯದ ಪಾಲೂ ಸೇರಿರುತ್ತದೆ.

ಭಯ ನಮಗೂ ಇದೆ. ಸೈನ್ಯದ ಅಧಿಕಾರಿಯೆಂದು ಹೇಳಿಕೊಂಡು, ಚೌಕಾಶಿ ಮಾಡದೆ ಒಪ್ಪಿ, ‘ಹಣ ಕಳಿಸಿದ್ದೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುವ ಮೋಸಗಾರರ ಸಂಗತಿ ದೇಶಕ್ಕೆಲ್ಲ ತಿಳಿದದ್ದೇ. 2016ರಲ್ಲಿ ಬಂದ ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ. ಕೊಡಲು ಮಾತ್ರ ಬೇಕು. ಚೌಕಾಶಿ ಮಾಡದ ಗಿರಾಕಿಯನ್ನು ಕಂಡರೆ ಕಾಕಾ ಅವರು ಈಗ ಫೋನನ್ನೇ ಇಟ್ಟುಬಿಡುತ್ತಾರೆ.

ದೊಡ್ಡ ಕಂಪನಿಗಳ ಮೂಲಕ ಮಾರೋಣವೆಂದರೆ ಇನ್ನೊಂದು ಗೋಡೆ. ವಹಿವಾಟು ಮಿತಿಯೊಳಗಿರುವ ಸಣ್ಣ ವ್ಯಾಪಾರಿ ಜಿಎಸ್‌ಟಿ ನೋಂದಣಿಯಿಲ್ಲದೆ ಅಲ್ಲಿ ಸರಕು ಮಾರಬಹುದೆಂದು 2023ರ ಅಕ್ಟೋಬರ್ 1ರಿಂದ ಸಡಿಲಿಕೆ ದೊರೆತಿದೆ. ಆದರೆ ಅದು ಸ್ವಂತ ರಾಜ್ಯದೊಳಗೆ ಮಾತ್ರ. ನಮ್ಮ ಗಿರಾಕಿಗಳಿರುವುದು ಮಹಾರಾಷ್ಟ್ರದ ಉದಗೀರದಲ್ಲಿ, ತೆಲಂಗಾಣದ ಜಹೀರಾಬಾದಿನಲ್ಲಿ! ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಮಾರಬಹುದು, ನೆರೆಯೂರಿಗೆ ಮಾರಲಾಗದು. ಗಡಿ ಜಿಲ್ಲೆಯವರ ಈ ಪಾಡು ನಿಯಮ ಮಾಡಿದವರ ಲಕ್ಷ್ಯಕ್ಕೆ ಬಂದಂತಿಲ್ಲ.

ಸಹಪಾಠಿಗಳೇ, ಭಾಲ್ಕಿಯ ಎಪಿಎಂಸಿಯಲ್ಲಿ ತೊಗರಿಯನ್ನು ಬೊಗಸೆಯಲ್ಲಿ ಹಿಡಿದು ನೋಡದೆ ಯಾರಾದರೂ ದರ ಹೇಳುವರೇ? ಕಳೆದ ವರ್ಷ ಉದಗೀರದ ಭಜನಾ ಮಂಡಳಿಯವರು ಚಿತ್ರ ನೋಡಿ ತಿಂಗಳುಗಟ್ಟಲೆ ಚೌಕಾಶಿ ಮಾಡಿದರು. ಕೊನೆಗೊಂದು ದಿನ ಅಂಗಡಿಗೇ ಬಂದು, ತಮ್ಮ ಹಾರ್ಮೋನಿಯಂ ಇಟ್ಟು, ಅರ್ಧ ತಾಸು ಹಾಡಿ ನೋಡಿದರು. ವ್ಯವಹಾರ ಎರಡು ಮಾತಿನಲ್ಲಿ ಮುಗಿಯಿತು. ಮೊಬೈಲು ಗಿರಾಕಿಯನ್ನು ಅಂಗಡಿಯ ಬಾಗಿಲಿನವರೆಗೆ ಕರೆತರಲಿ, ಸಂತೋಷ. ಬೀದರಿನಲ್ಲೋ ಭಾಲ್ಕಿಯಲ್ಲೋ ಈ ವ್ಯಾಪಾರದವರೆಲ್ಲ ಕೂಡಿ ಒಂದು ಕೋಣೆ ಬಾಡಿಗೆಗೆ ಹಿಡಿದು, ತಿಂಗಳಿಗೊಂದು ದಿನ ತಮ್ಮ ತಮ್ಮ ಮಾಲನ್ನು ನುಡಿಸಿ ತೋರಿಸುವ ಏರ್ಪಾಡು ಮಾಡಿಕೊಳ್ಳಬಾರದೇಕೆ? ಕಾಕಾ ಅವರು ಇದಕ್ಕೆ ಒಪ್ಪಿದ್ದಾರೆ. ಬಾಡಿಗೆ ಯಾರು ಕೊಡಬೇಕೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.