ಉಳಿಯುವ ದಾದಿ, ಹೊರಡುವ ದಾದಿ

ಗಡಿನಾಡಿನ ಸರಕಾರಿ ಆಸ್ಪತ್ರೆಯೊಂದರಲ್ಲಿ ನಡುರಾತ್ರಿ ಎದೆನೋವಿನಿಂದ ಎಚ್ಚರಗೊಂಡ ಅಜ್ಜಿಯೊಬ್ಬರ ಬಳಿಗೆ ಮೊದಲು ಧಾವಿಸುವವರು ದಾದಿಯೇ. ಅಜ್ಜಿಗೆ ಬರುವುದು ತುಳು ಮತ್ತು ಕನ್ನಡ. ದಾದಿ ತೆಂಕಣ ಜಿಲ್ಲೆಯಿಂದ ಬಂದು ಎರಡು ತಿಂಗಳಷ್ಟೇ ಆಗಿದೆ ಎಂದುಕೊಳ್ಳೋಣ. ಎದೆ ಉರಿಯುತ್ತಿದೆಯೋ ಹಿಂಡುತ್ತಿದೆಯೋ ಎಂಬ ವ್ಯತ್ಯಾಸ ಕೈಸನ್ನೆಯಿಂದ ತಿಳಿಯುವಂಥದಲ್ಲ. ಆ ದಾದಿ ಈ ಮಾತುಗಳನ್ನು ಕಲಿಯುವ ಹೊತ್ತಿಗೆ ವರ್ಗಾವಣೆಯ ಆದೇಶ ಬಂದಿರುತ್ತದೆ. ಆದುದರಿಂದ ದಾದಿಯರು ಸರಕಾರಿ ಕೆಲಸದಲ್ಲಿ ಏಕೆ ಉಳಿಯುತ್ತಾರೆ, ಏಕೆ ಹೊರಡುತ್ತಾರೆ ಎಂಬುದು ಕಾಸರಗೋಡಿನ ಕನ್ನಡಿಗರ ಪಾಲಿಗೆ ಇಲಾಖೆಯ ಕಡತಕ್ಕೆ ಸೀಮಿತವಾದ ವಿಷಯವಲ್ಲ.

ಕೇರಳದ ಆರೋಗ್ಯ ಇಲಾಖೆಯ ದಾದಿ ಹುದ್ದೆಗಳಿಗೆ ಲೋಕಸೇವಾ ಆಯೋಗವು ಜಿಲ್ಲಾವಾರು ಪಟ್ಟಿ ತಯಾರಿಸುತ್ತದೆ. ಹೊರಜಿಲ್ಲೆಯವರೂ ಅದಕ್ಕೆ ಅರ್ಜಿ ಹಾಕಬಹುದು. 1984ರಲ್ಲಿ ರೂಪುಗೊಂಡ ಈ ಬಡಗಣ ಜಿಲ್ಲೆ ಅನೇಕರಿಗೆ ಸರಕಾರಿ ಸೇವೆಯ ಮೊದಲ ಮೆಟ್ಟಿಲು. ನಿಯಮ ಅನುಮತಿಸಿದೊಡನೆ ಅವರು ಊರಿನತ್ತ ವರ್ಗಾವಣೆ ಬಯಸುತ್ತಾರೆ. ಇದರಲ್ಲಿ ಅವರನ್ನು ದೂರುವಂತಿಲ್ಲ. ಮನೆಯಲ್ಲಿ ವೃದ್ಧ ತಂದೆತಾಯಿ, ಕೈಗೂಸು, ರಾತ್ರಿ ಪಾಳಿ, ಬಾಡಿಗೆ ಕೋಣೆ: ಇವೆಲ್ಲ ಕೂಡಿದಾಗ ಯಾರ ಮನಸ್ಸೂ ತವರಿನ ಕಡೆಗೇ ವಾಲುತ್ತದೆ.

ಎರಡನೆಯ ನಿರ್ಗಮನ ಕಡಲಾಚೆಗೆ. ಗಲ್ಫ್ ರಾಷ್ಟ್ರಗಳಿಗೂ ಬ್ರಿಟನ್, ಜರ್ಮನಿಗಳಿಗೂ ಕೇರಳದ ದಾದಿಯರು ಹೋಗುವುದು ಹಳೆಯ ರೂಢಿ. ಸರಕಾರಿ ನೌಕರರು ವೇತನರಹಿತ ರಜೆಯಲ್ಲಿ 20 ವರ್ಷಗಳವರೆಗೂ ಹೊರಗೆ ದುಡಿಯಬಹುದಾಗಿತ್ತು. 2020ರಲ್ಲಿ ರಾಜ್ಯ ಸರಕಾರ ಈ ಮಿತಿಯನ್ನು 5 ವರ್ಷಕ್ಕೆ ಇಳಿಸಿತು. ಅಂದಿನಿಂದ ಹೋದವರು ಬೇಗನೆ ಮರಳಬೇಕು, ಇಲ್ಲವೇ ಹುದ್ದೆಯನ್ನೇ ತೊರೆಯಬೇಕು. ಹೋದವರ ಬದುಕೂ ಹೂವಿನ ಹಾಸಿಗೆಯಲ್ಲ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಯುದ್ಧದ ನಡುವೆ ಸಿಲುಕಿ ಮರಳಿದ 46 ದಾದಿಯರಲ್ಲಿ, ಊರಿನ ಸಾಲ ತೀರದೆ ಹಿಂದಿರುಗಲು ಹಿಂಜರಿದವರೂ ಇದ್ದರು.

ಹಾಗಾದರೆ ಉಳಿಯುವವರು ಏಕೆ ಉಳಿಯುತ್ತಾರೆ? ಕಾಯಂ ನೇಮಕಾತಿ, ನಿಗದಿತ ಸಂಬಳ, ಹೆರಿಗೆ ರಜೆ ಮತ್ತು ಊರಿನ ಸಾಮೀಪ್ಯ ಇದಕ್ಕೆ ಕಾರಣ. ಖಾಸಗಿ ಆಸ್ಪತ್ರೆಗಳಲ್ಲಿ ಸಣ್ಣ ಸಂಬಳಕ್ಕೆ ದುಡಿದವರಿಗೆ ಈ ಭದ್ರತೆಯ ಬೆಲೆ ಚೆನ್ನಾಗಿ ಗೊತ್ತು. ದೀರ್ಘ ಹೋರಾಟದ ಬಳಿಕ 2018ರ ಏಪ್ರಿಲ್‌ನಲ್ಲಷ್ಟೇ ಕೇರಳವು ಖಾಸಗಿ ದಾದಿಯರ ಕನಿಷ್ಠ ಮೂಲವೇತನವನ್ನು ತಿಂಗಳಿಗೆ 20,000 ರೂಪಾಯಿ ಎಂದು ಗೊತ್ತುಪಡಿಸಿತು. ಆದರೆ ಸರಕಾರಿ ಸೇವೆಯ ಕಟ್ಟೂ ಮೊದಲಿನಷ್ಟು ಬಿಗಿಯಾಗಿಲ್ಲ. 2013ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿಯಿಲ್ಲ, ವಂತಿಗೆಯ ಪಿಂಚಣಿ ಮಾತ್ರ. ಮುಪ್ಪಿನ ಆಸರೆಗಾಗಿ ಕಷ್ಟ ಸಹಿಸಿ ಉಳಿಯುವ ಕಾರಣ ಅಷ್ಟರಮಟ್ಟಿಗೆ ಸಡಿಲಗೊಂಡಿದೆ.

ಕೆಲಸದ ಹೊರೆಯದು ಬೇರೆಯೇ ಕಥೆ. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐವರು ರೋಗಿಗಳಿಗೆ ಒಬ್ಬ ದಾದಿ, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ವಾರ್ಡು ತುಂಬಿ ನೆಲದಲ್ಲೂ ಚಾಪೆ ಹಾಸಿದ ದಿನ ಈ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಒಬ್ಬರು ಹೊರಟರೆ ಅವರ ಪಾಲಿನ ಹೊರೆ ಉಳಿದವರ ಹೆಗಲಿಗೆ ಬೀಳುತ್ತದೆ. ಆ ಭಾರ ತಾಳದೆ ಇನ್ನೊಬ್ಬರು ಹೊರಡುತ್ತಾರೆ.

ತಾತ್ಕಾಲಿಕ ನೇಮಕಾತಿಯ ದಾದಿಯರಿಗಂತೂ ಭದ್ರತೆಯೂ ಇಲ್ಲ. 2018ರ ಮೇ ತಿಂಗಳಲ್ಲಿ ಪೇರಾಂಬ್ರದ ತಾಲೂಕು ಆಸ್ಪತ್ರೆಯಲ್ಲಿ ನಿಪಾ ರೋಗಿಯ ಶುಶ್ರೂಷೆ ಮಾಡಿ, ತಾವೇ ಸೋಂಕಿಗೆ ಬಲಿಯಾದ ಲಿನಿ ಅವರು ಕಾಯಂ ನೌಕರರಾಗಿರಲಿಲ್ಲ. ಮರಣದ ನಂತರ ಬಂದ ಗೌರವ ದೊಡ್ಡದು; ಬದುಕಿದ್ದಾಗ ಸಿಗಬೇಕಾದ ಭರವಸೆಗೆ ಅದು ಬದಲಿಯಾಗದು.

2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ದಾರಿ ಕಡಿದುಹೋದಾಗ, ತನ್ನ ಜಿಲ್ಲೆಯ ಆಸ್ಪತ್ರೆಯೇ ತನಗೆ ಗತಿ ಎಂಬುದನ್ನು ಕಾಸರಗೋಡು ಅರಿತುಕೊಂಡಿತು. ಕಟ್ಟಡ ಮತ್ತು ಯಂತ್ರಗಳನ್ನು ಹಣ ಕೊಟ್ಟು ತರಬಹುದು. ರೋಗಿಯ ಮಾತು ತಿಳಿದು ಹತ್ತು ವರ್ಷ ಅಲ್ಲೇ ನಿಲ್ಲುವ ದಾದಿಯನ್ನು ಹಾಗೆ ತರಲಾಗದು. ಹುದ್ದೆಗಳ ಸಂಖ್ಯೆ ಹೆಚ್ಚಬೇಕು, ಪಾಳಿಯ ದಾದಿಯರಿಗೆ ವಸತಿ ಬೇಕು, ಕನ್ನಡ ಬಲ್ಲವರಿಗೆ ಇಲ್ಲಿ ಆದ್ಯತೆ ಬೇಕು ಎಂಬ ಬೇಡಿಕೆಯನ್ನು ಆಳುವವರ ಮುಂದಿಡಬೇಕಾದವರು ಊರಿನವರೇ.

ಮನೆಗಳಲ್ಲಿ ಆಗಬೇಕಾದ ಕೆಲಸವೂ ಒಂದಿದೆ. ಪ್ಲಸ್ ಟುವಿನಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದ ಮಕ್ಕಳಿಗೆ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ತೆರೆದಿದೆ. ಮಂಗಳೂರಿನಲ್ಲಿ ಓದಿದವರು ಕೇರಳದ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಲೋಕಸೇವಾ ಆಯೋಗದ ಅಧಿಸೂಚನೆಯ ಮೇಲೆ ಕಣ್ಣಿಡಬೇಕು. ಹುಡುಗರಿಗೂ ಈ ದಾರಿ ಮುಚ್ಚಿಲ್ಲ. ಕನ್ನಡ ಶಾಲೆಯಿಂದ ಹೊರಟ ಮಗುವೊಂದು ಇದೇ ಜಿಲ್ಲೆಯ ವಾರ್ಡಿಗೆ ದಾದಿಯಾಗಿ ಬಂದರೆ, ಅದಕ್ಕೆ ತವರಿನ ವರ್ಗಾವಣೆ ಬೇಕಿಲ್ಲ. ತವರೇ ಅದರ ಕೆಲಸದ ಜಾಗವಾಗಿರುತ್ತದೆ. ಆ ರಾತ್ರಿ ಅಜ್ಜಿ ತನ್ನ ನೋವನ್ನು ತನ್ನ ಮಾತಿನಲ್ಲೇ ಹೇಳಬಹುದು.