ವಾಹನ ವಿಮೆಯೂ ಮಾಲೀಕರ ಹೊಣೆಯೂ

ಕೊಟ್ಟೂರಿನ ಗುರುಬಸವೇಶ್ವರನ ರಥೋತ್ಸವಕ್ಕೂ, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕೂ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಜಾತ್ರೆಗೂ ಎತ್ತಿನ ಬಂಡಿಗಳು ಹೋಗುವುದು ಇಂದಿಗೂ ಪೂರ್ಣವಾಗಿ ನಿಂತಿಲ್ಲ. ಆದರೆ ಟ್ರ್ಯಾಕ್ಟರಿನ ಟ್ರೇಲರು, ಸರಕಿನ ಗಾಡಿ, ನೆರೆಯವರ ಕಾರು, ಇವು ಬಂಡಿಯ ಸ್ಥಾನವನ್ನು ಹೆಚ್ಚು ಹೆಚ್ಚಾಗಿ ಆಕ್ರಮಿಸುತ್ತಿವೆ. ಕೂಡ್ಲಿಗಿಯನ್ನು ಹಾದುಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳ ಓಡಾಟ. ವಾಹನಗಳು ಹೆಚ್ಚಿದಂತೆ ಅಪಾಯವೂ ಹೆಚ್ಚುವುದು ಸಹಜ. ಆದರೆ ಆ ಅಪಾಯಕ್ಕೆ ಆಸರೆಯಾಗಿ ಏರ್ಪಟ್ಟಿರುವ ವಿಮೆಯನ್ನು, ಓದುಬರಹ ಬಲ್ಲ ನಮ್ಮ ಜನರೂ, ಪೊಲೀಸರಿಗೆ ತೋರಿಸುವ ಚೀಟಿಯೆಂದು ಮಾತ್ರ ಬಗೆದಿರುವುದು ಶೋಚನೀಯ.

ವಿಮೆಯಲ್ಲಿ ಎರಡು ಭಾಗಗಳಿವೆ. ನಮ್ಮ ವಾಹನದಿಂದ ಪರರಿಗಾಗುವ ಹಾನಿಯನ್ನು ಕಟ್ಟಿಕೊಡುವುದು ಒಂದು. ನಮ್ಮ ವಾಹನಕ್ಕೇ ಆಗುವ ಹಾನಿಯನ್ನು ತುಂಬುವುದು ಇನ್ನೊಂದು. ಮೊದಲನೆಯದು 1988ರ ಮೋಟಾರು ವಾಹನ ಕಾಯಿದೆಯಂತೆ ಕಡ್ಡಾಯ. 2019ರ ತಿದ್ದುಪಡಿಯಂತೆ, ಅದಿಲ್ಲದೆ ವಾಹನ ನಡೆಸಿದವನಿಗೆ ಮೊದಲ ಸಲ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಉಂಟು. ಇದರ ಪ್ರೀಮಿಯಂ ದರವನ್ನು ಸರಕಾರವೇ ಗೊತ್ತುಮಾಡುವುದರಿಂದ ಇಲ್ಲಿ ಚೌಕಾಸಿಗೆ ಎಡೆಯಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿ.ಸಿ.ವರೆಗಿನ ಮೋಟಾರು ಸೈಕಲ್ಲಿಗೆ ವರ್ಷಕ್ಕೆ 714 ರೂಪಾಯಿ, 1,000 ಸಿ.ಸಿ. ಮೀರದ ಖಾಸಗಿ ಕಾರಿಗೆ 2,094 ರೂಪಾಯಿ ಎಂದಿತ್ತು. ಇಷ್ಟನ್ನು ಉಳಿಸಲು ಹೋಗಿ ಹೊಲಮನೆಯನ್ನೇ ಪಣಕ್ಕೆ ಒಡ್ಡುವುದು ಯಾವ ಜಾಣತನ?

ಮಿತವ್ಯಯಕ್ಕೆ ಅವಕಾಶವಿರುವುದು ಎರಡನೆಯ ಭಾಗದಲ್ಲಿ. ಕ್ಲೇಮು ಮಾಡದೆ ಒಂದು ವರ್ಷ ಕಳೆದವನಿಗೆ ಶೇಕಡ 20, ಮುಂದೆ ಕ್ರಮವಾಗಿ 25, 35, 45, ಐದು ವರ್ಷವಾದ ಮೇಲೆ 50ರಷ್ಟು ರಿಯಾಯಿತಿ ದೊರೆಯುವುದು. ಇದಕ್ಕೆ ನೋ ಕ್ಲೇಮ್ ಬೋನಸ್ ಎಂದು ಹೆಸರು. ಈ ಭಾಗದ ಪೂರ್ಣ ಪ್ರೀಮಿಯಂ 8,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇಕಡ 50ರ ರಿಯಾಯಿತಿಯುಳ್ಳವನು ಐದು ವರ್ಷಗಳಲ್ಲಿ ಕೊಡುವುದು 20,000. ಅವನು 3,000 ರೂಪಾಯಿಯ ಸಣ್ಣ ನಗ್ಗಿಗಾಗಿ ಕ್ಲೇಮು ಮಾಡಿದರೆ, 1,500 ಸಿ.ಸಿ. ಒಳಗಿನ ಕಾರಿಗೆ 1,000 ರೂಪಾಯಿಯನ್ನು ತಾನೇ ಭರಿಸಬೇಕಾದುದರಿಂದ, ಕೈಗೆ ಬರುವುದು ಹೆಚ್ಚೆಂದರೆ 2,000. ಆದರೆ ರಿಯಾಯಿತಿ ಮೊದಲಿಂದ ಆರಂಭವಾಗಿ, ಮುಂದಿನ ಐದು ವರ್ಷಗಳಲ್ಲಿ ಒಟ್ಟು 30,000 ತೆರಬೇಕಾಗುವುದು. ಎರಡು ಸಾವಿರಕ್ಕೆ ಹತ್ತು ಸಾವಿರದ ನಷ್ಟ! ಅವಧಿ ಮುಗಿದ 90 ದಿನಗಳೊಳಗೆ ಪಾಲಿಸಿಯನ್ನು ನವೀಕರಿಸದವನಿಗೂ ಈ ರಿಯಾಯಿತಿ ತಪ್ಪಿಹೋಗುವುದು. ಅದು ವಾಹನದ ಸ್ವತ್ತಲ್ಲ, ಮಾಲೀಕನ ಸ್ವತ್ತು; ಹಳೆಯ ಕಾರನ್ನು ಮಾರಿ ಹೊಸದನ್ನು ಕೊಂಡವನು ಅದನ್ನು ತನ್ನೊಡನೆ ಕೊಂಡೊಯ್ಯಬಹುದು. ಹಳೆಯ ವಾಹನ ಕೊಂಡವನು 14 ದಿನಗಳೊಳಗೆ ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಇಲ್ಲವಾದರೆ ತನ್ನ ವಾಹನದ ಹಾನಿಗೆ ಕಾಸೂ ಸಿಗದೆ ಹೋಗಬಹುದು.

ಅಪಘಾತವಾದಾಗ ಮಾಡಬೇಕಾದುದು ಕಷ್ಟದ್ದೇನೂ ಅಲ್ಲ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೂ ವಿಮಾ ಕಂಪನಿಗೂ ಕೂಡಲೇ ತಿಳಿಸಬೇಕು. ಸ್ಥಳದ ಚಿತ್ರಗಳನ್ನು ತೆಗೆದಿಡಬೇಕು. ಕಂಪನಿಯ ಪರಿಶೀಲನೆಗೆ ಮುಂಚೆ ರಿಪೇರಿ ಮಾಡಿಸಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ನಡೆದುದನ್ನು ನಡೆದಂತೆಯೇ ಹೇಳಬೇಕು. ಲೈಸೆನ್ಸಿಲ್ಲದ ಹುಡುಗನು ಓಡಿಸಿದ ಬಂಡಿಗೆ ಬೇರೊಬ್ಬನನ್ನು ಚಾಲಕನೆಂದು ತೋರಿಸುವುದು ಮೋಸ. ವಿಮೆಯ ನಿಧಿಯು ಪ್ರೀಮಿಯಂ ಕೊಟ್ಟವರೆಲ್ಲರ ಹಣವಾದುದರಿಂದ ಅದರ ಭಾರವು ಪ್ರಾಮಾಣಿಕರ ಮೇಲೆಯೇ ಬೀಳುವುದು.

ಆದರೆ ನಮ್ಮನ್ನು ಹೆಚ್ಚು ಕಳವಳಗೊಳಿಸುವ ಸಂಗತಿ ಬೇರೆಯಿದೆ. ಟ್ರ್ಯಾಕ್ಟರಿಗೆ ಪಾಲಿಸಿಯಿದೆ, ಆದುದರಿಂದ ಟ್ರೇಲರಿನಲ್ಲಿ ಕುಳಿತವರಿಗೂ ರಕ್ಷಣೆಯಿದೆ ಎಂದು ರೈತನು ನಂಬಿರುವನು. ಇದು ತಪ್ಪು ನಂಬಿಕೆ. ಸರಕಿನ ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರ ವಿಷಯದಲ್ಲಿ ವಿಮಾ ಕಂಪನಿಗೆ ಹೊಣೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರ ಆಶಾ ರಾಣಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದೂ ಪಾಲಿಸಿಯ ಕರಾರಿಗೆ ವಿರುದ್ಧ. ಹಾಗಾದರೆ ಟ್ರೇಲರು ಮಗುಚಿ ಕೂಲಿಯ ಹೆಣ್ಣುಮಗಳೊಬ್ಬಳು ಸತ್ತರೆ, ಅವಳ ಮಕ್ಕಳಿಗೆ ಯಾರು ದಿಕ್ಕು? ನ್ಯಾಯಮಂಡಳಿಯು ಪರಿಹಾರವನ್ನು ಮಾಲೀಕನ ಮೇಲೆ ಹೊರಿಸಬಹುದು. ಮಳೆಯನ್ನೇ ನೆಚ್ಚಿದ ನಾಲ್ಕೆಕರೆಯ ಒಡೆಯನು ಲಕ್ಷಾಂತರ ರೂಪಾಯಿಗಳನ್ನು ಎಲ್ಲಿಂದ ತಂದಾನು? ಸತ್ತವರ ಮನೆಯೂ ಮುಳುಗುವುದು, ಮಾಲೀಕನ ಮನೆಯೂ ಮುಳುಗುವುದು.

ಇಲ್ಲಿ ಅಧಿಕಾರಿಗಳ ಕರ್ತವ್ಯ ದಂಡ ವಸೂಲಿಯಿಂದ ಮುಗಿಯದು. ಬಸ್ಸಿಲ್ಲದ ಹಳ್ಳಿಯ ಜನರು ಟ್ರೇಲರು ಹತ್ತದೆ ಏನು ಮಾಡಿಯಾರು? ಜಾತ್ರೆಯ ದಿನಗಳಲ್ಲಿಯೂ, ಬಿತ್ತನೆ ಸುಗ್ಗಿಗಳ ಕಾಲದಲ್ಲಿಯೂ ಒಳಹಳ್ಳಿಗಳಿಗೆ ಸಾಕಷ್ಟು ಬಸ್ಸುಗಳನ್ನು ಬಿಡಬೇಕು. ಪಾಲಿಸಿ ಮಾರುವವರು ಅದರಲ್ಲಿ ಏನಿಲ್ಲವೆಂಬುದನ್ನೂ ಕನ್ನಡದಲ್ಲಿ ತಿಳಿಸಬೇಕು. ಕಂಪನಿಯು ನ್ಯಾಯವಾದ ಕ್ಲೇಮನ್ನು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಒಂದು ತಿಂಗಳಲ್ಲಿ ಸಮಾಧಾನ ದೊರೆಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಯಾವ ಶುಲ್ಕವೂ ಇಲ್ಲದೆ ಮೊರೆಯಿಡಬಹುದೆಂಬುದನ್ನು ಪಾಲಿಸಿದಾರರೆಲ್ಲರೂ ತಿಳಿದಿರಬೇಕು.

ವಿಮೆಯ ಖರ್ಚನ್ನು ತಗ್ಗಿಸುವ ಮಾರ್ಗವೂ, ಕ್ಲೇಮನ್ನು ಗೆಲ್ಲುವ ಮಾರ್ಗವೂ ಒಂದೇ: ಪಾಲಿಸಿಯ ಅವಧಿ ಕಡಿಯದಂತೆ ನೋಡಿಕೊಳ್ಳುವುದು, ಅದರ ಕರಾರಿಗೆ ತಪ್ಪದೆ ನಡೆಯುವುದು. ವಾಹನವುಳ್ಳ ವಾಚಕರು ಇಂದೇ ತಮ್ಮ ಪಾಲಿಸಿಯನ್ನು ತೆಗೆದು ಅದರ ಕೊನೆಯ ದಿನಾಂಕವನ್ನೂ, ಅದು ಯಾರನ್ನು ಕಾಯುವುದೆಂಬುದನ್ನೂ ಓದಿ ನೋಡಬೇಕೆಂದು ನಮ್ಮ ಬಿನ್ನಹ.